ಕೋಣದ ಕಪ್ಪು ಬೂದಿಯಾದಾಗ: ಇಂಕ್‌ಜೆಟ್ ಕಪ್ಪು-ಬಿಳುಪು ಪ್ರಿಂಟಿನಲ್ಲಿ ದೋಷ ಹುಡುಕುವ ಬಗೆ

ಕಂಬಳದ ಕರೆಯಲ್ಲಿ, ಅಂದರೆ ಕೋಣ ಓಡಿಸುವ ಕೆಸರುಗದ್ದೆಯಲ್ಲಿ, ಓಟ ಮುಗಿಸಿ ನಿಂತ ಒಂದು ಕೋಣದ ಚಿತ್ರ ನನ್ನ ಬಳಿ ಇದೆ. ಮೈಗೆಲ್ಲ ಎಣ್ಣೆ ತಿಕ್ಕಿದ್ದರು. ಅದರ ಮೇಲೆ ಕೆಸರುನೀರು ಇಳಿದು, ಬೆನ್ನ ಮೇಲೆ ಬೆಳಕಿನ ಒಂದು ಸಣ್ಣ ಗೆರೆ ಬಿಟ್ಟರೆ ಉಳಿದದ್ದೆಲ್ಲ ಕಡುಕಪ್ಪು. ಕಂಪ್ಯೂಟರ್ ಪರದೆಯಲ್ಲಿ ಆ ಕಪ್ಪನ್ನು ನೋಡಿಯೇ ಇದನ್ನು ದೊಡ್ಡದಾಗಿ ಪ್ರಿಂಟ್ ಮಾಡಬೇಕೆಂದು ಆಸೆಪಟ್ಟೆ. ದಪ್ಪನೆಯ ಹತ್ತಿ ಮ್ಯಾಟ್ (ಹೊಳಪಿಲ್ಲದ) ಕಾಗದ ತರಿಸಿ ಎ3 ಅಳತೆಯಲ್ಲಿ ತೆಗೆದೆ. ಡಾರ್ಕ್‌ರೂಮಿನಲ್ಲೇ ಆಯುಷ್ಯ ಕಳೆದ ನನ್ನ ದೊಡ್ಡಪ್ಪ ಅದನ್ನು ಕಿಟಕಿಯ ಹತ್ತಿರ ಹಿಡಿದು ನೋಡಿ, "ಎಂಥದು ಮಾರಾಯ ಇದು? ಕೋಣಕ್ಕೆ ಬೂದಿ ಬಳಿದ ಹಾಗೆ ಉಂಟಲ್ಲ" ಅಂದರು.

ಕಾಗದದ್ದೇ ತಪ್ಪು ಅಂದುಕೊಂಡು ಇನ್ನೆರಡು ಬಗೆಯ ಮ್ಯಾಟ್ ಕಾಗದ ತರಿಸಿದೆ. ಮೂರರಲ್ಲೂ ಅದೇ ಬೂದಿ. ಕೊನೆಗೆ ತಿಳಿದದ್ದು ಇಷ್ಟು: ಪ್ರಿಂಟರ್ ನಡೆಸುವ ತಂತ್ರಾಂಶವಾದ ಡ್ರೈವರ್‌ನಲ್ಲಿ ನಾನು ಆರಿಸಿದ್ದ ಕಾಗದದ ಹೆಸರು ಹೊಳಪು ಕಾಗದದ್ದು, ಹಾಗಾಗಿ ಪ್ರಿಂಟರ್ ಹೊಳಪು ಕಾಗದದ ಕಪ್ಪು ಇಂಕನ್ನೇ ಮ್ಯಾಟ್ ಕಾಗದದ ಮೇಲೆ ಸುರಿಯುತ್ತಿತ್ತು. ಆ ಬೂದಿಗೆ ಕಾಗದ ಕಾರಣವಾಗಿರಲಿಲ್ಲ. ಸಪ್ಪೆ ಕಪ್ಪು ಬಂದಾಗ ಎಲ್ಲರ ಕೈ ಮೊದಲು ಹೋಗುವುದು ಹೊಸ ಕಾಗದದ ಕಡೆಗೆ. ಅಲ್ಲಿಗೆ ಹೋಗುವ ಮೊದಲು ನೋಡಬೇಕಾದದ್ದು ಬಹಳ ಇದೆ. ನಾನು ಈಗ ಯಾವ ಕ್ರಮದಲ್ಲಿ ನೋಡುತ್ತೇನೋ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಪ್ಪನ್ನು ಸರಿಯಾಗಿ ನೋಡಿ

ಕಣ್ಣು ಬೇಗ ಹೊಂದಿಕೊಳ್ಳುತ್ತದೆ. ಎದುರಿಗೆ ಹೋಲಿಸಲು ಏನೂ ಇಲ್ಲದಿದ್ದರೆ ಇದ್ದುದರಲ್ಲಿ ಗಾಢವಾದದ್ದನ್ನೇ ಅದು ಕಪ್ಪು ಎಂದು ಒಪ್ಪಿಕೊಳ್ಳುತ್ತದೆ. ಆದ್ದರಿಂದ ಹೋಲಿಸಲು ಒಂದು ನಿಜವಾದ ಕಪ್ಪು ಬೇಕು. ಚಪ್ಪಲಿಯ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಒಳಗೆಲ್ಲ ಕಪ್ಪು ಮಖಮಲ್ ಬಟ್ಟೆ ಅಂಟಿಸಿ. ಮುಚ್ಚಳದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು ಕೊರೆದು ಮುಚ್ಚಿ. ತೂತಿನೊಳಗೆ ಹೋದ ಬೆಳಕು ಹೊರಗೆ ಬರುವ ದಾರಿಯೇ ಇಲ್ಲ. ಮನೆಯಲ್ಲಿ ಇದಕ್ಕಿಂತ ಕಪ್ಪಾದದ್ದು ಸಿಗದು. ಪ್ರಿಂಟಿನ ಅತಿ ಗಾಢವಾದ ಜಾಗವನ್ನು ತೂತಿನ ಪಕ್ಕಕ್ಕೆ ತಂದು, ಬಿಸಿಲು ನೇರ ಬೀಳದ ಕಿಟಕಿಯ ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ನೋಡುವುದಾದರೆ ಪ್ರಿಂಟನ್ನು ಸ್ವಲ್ಪ ಓರೆ ಮಾಡಿ. ದೀಪದ ಪ್ರತಿಫಲನ ಕಣ್ಣಿಗೆ ಬಿದ್ದರೆ ಎಂಥ ಕಪ್ಪೂ ಬೆಳ್ಳಗಾಗುತ್ತದೆ.

ಪ್ರಿಂಟರ್‌ನಿಂದ ಈಗಷ್ಟೇ ಹೊರಬಂದ ಹಾಳೆಯ ಮೇಲೆ ತೀರ್ಪು ಕೊಡಬೇಡಿ. ಮ್ಯಾಟ್ ಕಾಗದ ಹಸಿಯಿದ್ದಾಗ ಗಾಢವಾಗಿ ಕಂಡು ಒಣಗಿದ ಮೇಲೆ ಒಂದಿಷ್ಟು ತಿಳಿಯಾಗುತ್ತದೆ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡುವುದು ನನ್ನ ರೂಢಿ.

ಹನ್ನೊಂದು ಚೌಕಗಳ ಪರೀಕ್ಷೆ

ಇಡೀ ತಪಾಸಣೆಯ ಜೀವಾಳ ಇದು. ಫೋಟೋಶಾಪ್, ಗಿಂಪ್, ಯಾವುದಾದರೂ ಸರಿ, ಎಸ್‌ಆರ್‌ಜಿಬಿ (ಪರದೆಗಳ ಸಾಮಾನ್ಯ ಬಣ್ಣದ ಮಾನಕ) ಕಡತವೊಂದರಲ್ಲಿ ಹನ್ನೊಂದು ಚೌಕಗಳನ್ನು ಒಂದಕ್ಕೊಂದು ತಾಗುವಂತೆ ಸಾಲಾಗಿ ಬಿಡಿಸಿ. ಮೊದಲನೆಯದಕ್ಕೆ ಕೆಂಪು, ಹಸಿರು, ನೀಲಿ ಮೂರೂ 0. ಎರಡನೆಯದಕ್ಕೆ 4, ಆಮೇಲೆ 8, 12, ಹೀಗೆ 40ರವರೆಗೆ. ಸುತ್ತ ಬಿಳಿ ಅಂಚು ಇರಲಿ. ನಿಮ್ಮ ಚಿತ್ರವನ್ನು ಯಾವ ಸೆಟ್ಟಿಂಗಿನಲ್ಲಿ ಪ್ರಿಂಟ್ ಮಾಡಿದ್ದಿರೋ ಅದೇ ಸೆಟ್ಟಿಂಗಿನಲ್ಲಿ, ಅದೇ ಕಾಗದದ ತುಂಡಿನ ಮೇಲೆ ತೆಗೆಯಿರಿ.

ಈಗ ಎರಡು ಪ್ರಶ್ನೆ. ಮೊದಲ ಚೌಕ ಪೆಟ್ಟಿಗೆಯ ತೂತಿಗೆ ಎಷ್ಟು ಹತ್ತಿರ ಬಂದಿದೆ? ಯಾವ ಚೌಕದಿಂದ ಮುಂದೆ ಒಂದೊಂದೂ ಬೇರೆಬೇರೆಯಾಗಿ ಕಾಣುತ್ತದೆ? ಈ ಎರಡನ್ನು ಬಿಡಿಸಿ ನೋಡದಿದ್ದರೆ ದೋಷ ಸಿಗುವುದಿಲ್ಲ. ಏಕೆಂದರೆ "ಕಪ್ಪು ಚೆನ್ನಾಗಿಲ್ಲ" ಎಂದು ನಾವು ಹೇಳುವ ದೂರಿನೊಳಗೆ ಬೇರೆಬೇರೆ ಕಾಯಿಲೆಗಳಿವೆ. ಚೌಕಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತಿದ್ದು, 0 ಎಂಬ ಚೌಕವೇ ಬೂದಾಗಿದ್ದರೆ ತಪ್ಪು ಇಂಕ್, ಕಾಗದ, ಡ್ರೈವರ್ ಈ ಮೂರರ ಹೊಂದಾಣಿಕೆಯಲ್ಲಿದೆ. 0 ಚೆನ್ನಾಗಿ ಕಪ್ಪಾಗಿದ್ದು ಮುಂದಿನ ಆರೇಳು ಚೌಕಗಳೂ ಅದರೊಳಗೆ ಮುಳುಗಿದ್ದರೆ ತಪ್ಪು ಬಣ್ಣ ನಿರ್ವಹಣೆಯಲ್ಲಿದೆ (ಕಡತದ ಬಣ್ಣಗಳನ್ನು ಕಾಗದಕ್ಕೆ ಹೊಂದಿಸುವ ಕೆಲಸ ಅದು), ಇಲ್ಲವೇ ಇಂಕ್ ಅತಿಯಾಗಿದೆ. ಎರಡೂ ಸರಿಯಿದ್ದು ಚಿತ್ರ ಮಾತ್ರ ಸಪ್ಪೆಯಾಗಿದ್ದರೆ ಪ್ರಿಂಟರಿನ ಮೇಲೆ ಅನುಮಾನ ಬಿಡಿ, ಚಿತ್ರವನ್ನೇ ತೆರೆದು ನೋಡಿ.

0 ಚೌಕವೇ ಬೂದಾಗಿದ್ದರೆ

ಹತ್ತರಲ್ಲಿ ಏಳೆಂಟು ಮಂದಿಯ ಕಷ್ಟ ಇದೇ ಎಂಬುದು ನನ್ನ ಅನಿಸಿಕೆ. ಇಲ್ಲಿ ಸ್ವಲ್ಪ ನಿಧಾನವಾಗಿಯೇ ಹೋಗೋಣ.

ಫೋಟೋಗೆಂದೇ ಮಾಡಿದ ಪಿಗ್ಮೆಂಟ್ (ದ್ರವದಲ್ಲಿ ತೇಲುವ ಬಣ್ಣದ ಕಣಗಳ ಇಂಕ್) ಪ್ರಿಂಟರ್‌ಗಳಲ್ಲಿ ಎರಡು ಕಪ್ಪುಗಳಿರುತ್ತವೆ: ಫೋಟೋ ಬ್ಲ್ಯಾಕ್, ಮ್ಯಾಟ್ ಬ್ಲ್ಯಾಕ್. ಎರಡರಲ್ಲೂ ಬಣ್ಣ ಕೊಡುವುದು ಇಂಗಾಲವೇ. ಕನ್ನಡದಲ್ಲಿ ಮಸಿ ಅಂದರೆ ಬರೆಯುವ ಇಂಕೂ ಹೌದು, ಪಾತ್ರೆಯ ತಳಕ್ಕೆ ಹಿಡಿಯುವ ಕರಿಯೂ ಹೌದು, ಇಲ್ಲಿ ಎರಡೂ ಅರ್ಥ ಒಂದೇ ಬಾಟಲಿಯಲ್ಲಿದೆ. ವ್ಯತ್ಯಾಸ ಇರುವುದು ಆ ಮಸಿಯನ್ನು ಕಾಗದಕ್ಕೆ ಹಿಡಿಸುವ ರೀತಿಯಲ್ಲಿ. ಫೋಟೋ ಬ್ಲ್ಯಾಕ್ ಹೊಳಪು ಮೈಯ ಮೇಲೆ ನಯವಾದ ಪದರವಾಗಿ ಕೂರುತ್ತದೆ. ಅದನ್ನೇ ಮ್ಯಾಟ್ ಕಾಗದಕ್ಕೆ ಹಾಕಿದರೆ ಬೂದು. ಮ್ಯಾಟ್ ಬ್ಲ್ಯಾಕ್ ಮ್ಯಾಟ್ ಕಾಗದದ ಒರಟು ಲೇಪದಲ್ಲಿ ದಟ್ಟವಾಗಿ ನಿಲ್ಲುತ್ತದೆ. ಅದನ್ನು ಹೊಳಪು ಕಾಗದಕ್ಕೆ ಹಾಕಿದರೆ ಹಿಡಿತ ಸಿಗದೆ ಮಂಕಾಗಿ ಕೂತು, ಬೆರಳಾಡಿಸಿದರೆ ಕೈಗೆ ಬರುತ್ತದೆ. ಒಂದು ದಿನ ಒಣಗಿದ ಮೇಲೂ ಹೊಳಪು ಕಾಗದದಲ್ಲಿ ಕಪ್ಪು ಬೆರಳಿಗೆ ಹತ್ತುತ್ತಿದ್ದರೆ ಮೊದಲು ಇದನ್ನೇ ಸಂಶಯಿಸಿ.

ಯಾವ ಕಪ್ಪು ಬಳಸಬೇಕೆಂದು ಪ್ರಿಂಟರ್ ತಾನಾಗಿ ಕಾಗದವನ್ನು ಮುಟ್ಟಿ ನೋಡಿ ತೀರ್ಮಾನಿಸುವುದಿಲ್ಲ. ಡ್ರೈವರ್‌ನಲ್ಲಿ ನೀವು ಆರಿಸುವ 'ಮೀಡಿಯಾ ಟೈಪ್' ನೋಡಿ ತೀರ್ಮಾನಿಸುತ್ತದೆ. ಎಪ್ಸನ್‌ನ 2015ರ ಪಿ800ರಲ್ಲಿ ಎರಡು ಕಪ್ಪುಗಳಿಗೂ ಒಂದೇ ದಾರಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಕೊಳವೆ ತೊಳೆಯಲು ಇಂಕ್ ಖರ್ಚಾಗುತ್ತದೆ, ಅದಕ್ಕೆ ಹೆದರಿ ಜನ ಬದಲಿಸದೆಯೇ ಕೆಲಸ ಮುಗಿಸುತ್ತಾರೆ. 2020ರ ಪಿ700, ಪಿ900ರಲ್ಲಿ ಎರಡಕ್ಕೂ ಬೇರೆಬೇರೆ ನಾಝಲ್‌ಗಳಿವೆ, ಅಂದರೆ ಇಂಕ್ ಚಿಮ್ಮುವ ಸಣ್ಣ ತೂತುಗಳು. ಕ್ಯಾನನ್‌ನ ಪ್ರೊ-300, ಪ್ರೊ-1000ದಲ್ಲೂ ಎರಡೂ ಕಪ್ಪು ಒಟ್ಟಿಗೇ ಕೂತಿರುತ್ತವೆ. ಹಾಗಿದ್ದರೂ ಕಾಗದದ ಹೆಸರು ತಪ್ಪು ಕೊಟ್ಟರೆ ತಪ್ಪು ಕಪ್ಪೇ ಬರುತ್ತದೆ. ನನ್ನ ಕೋಣಕ್ಕೆ ಆದದ್ದು ಇದೇ.

ಮೀಡಿಯಾ ಟೈಪ್ ಇಂಕಿನ ಪ್ರಮಾಣವನ್ನೂ ನಿರ್ಧರಿಸುತ್ತದೆ. 'ಪ್ಲೇನ್ ಪೇಪರ್' ಎಂದು ಬಿಟ್ಟರೆ, ಇದು ತೆಳು ಜೆರಾಕ್ಸ್ ಹಾಳೆ, ಇಂಕ್ ಜಾಸ್ತಿಯಾದರೆ ಹಿಂದಕ್ಕೆ ಸೋರುತ್ತದೆ ಎಂದು ಪ್ರಿಂಟರ್ ಕೈಬಿಗಿ ಹಿಡಿಯುತ್ತದೆ. ಎಷ್ಟೇ ಒಳ್ಳೆಯ ಕಾಗದವಾದರೂ ಆಗ ಕಪ್ಪು ಅರ್ಧಂಬರ್ಧ. ನಿಮ್ಮ ಕಾಗದದ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಕಾಗದ ಮಾಡಿದವರ ಸೂಚನೆ ನೋಡಿ. ತಮ್ಮ ಐಸಿಸಿ ಪ್ರೊಫೈಲ್ (ಆ ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆಂದು ಹೇಳುವ ಕಡತ) ಜೊತೆಗೆ ಯಾವ ಮೀಡಿಯಾ ಟೈಪ್ ಆರಿಸಬೇಕೆಂದೂ ಅವರು ಬರೆದಿರುತ್ತಾರೆ. ಪ್ರೊಫೈಲ್ ಹಾಕಿಕೊಂಡು ಆ ಒಂದು ಸಾಲನ್ನು ಓದದೆ ಬಿಟ್ಟರೆ ಪ್ರೊಫೈಲ್ ಹಾಕಿದ್ದೂ ವ್ಯರ್ಥ.

ಮನೆಯ ಟ್ಯಾಂಕ್ ಪ್ರಿಂಟರ್‌ನವರಿಗೆ ಬೇರೆಯದೇ ಮಾತು. ಕ್ಯಾನನ್‌ನ ಜಿ2010ರಂಥ ನಾಲ್ಕು ಬಣ್ಣದ ಯಂತ್ರಗಳಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಮೂರು ಡೈ, ಅಂದರೆ ದ್ರವದಲ್ಲಿ ಕರಗಿದ ಬಣ್ಣ. ಆ ಪಿಗ್ಮೆಂಟ್ ಕಪ್ಪು ಇರುವುದು ಅಕ್ಷರಗಳಿಗಾಗಿ. ಫೋಟೋ ಕಾಗದ ಎಂದು ಆರಿಸಿದ ಕೂಡಲೇ ಪ್ರಿಂಟರ್ ಅದನ್ನು ಬದಿಗಿಟ್ಟು ಮೂರು ಬಣ್ಣ ಬೆರೆಸಿಯೇ ಕಪ್ಪು ಮಾಡುತ್ತದೆ. ಆ ಕಪ್ಪು ಒಮ್ಮೆ ಕಂದು, ಒಮ್ಮೆ ಹಸಿರು. ಇಲ್ಲಿ ಕಾಗದ ಬದಲಿಸಿ ಬದಲಿಸಿ ಹಣ ಕಳೆಯಬೇಡಿ, ಯಂತ್ರದ ಮಿತಿಯೇ ಅಷ್ಟು. ನಮ್ಮ ಊರುಗಳ ಸ್ಟುಡಿಯೊಗಳಲ್ಲಿ ಹೆಚ್ಚಾಗಿ ಕಾಣುವ ಎಪ್ಸನ್ ಎಲ್805, ಎಲ್1800, ಈಗಿನ ಎಲ್8050 ಇವುಗಳಲ್ಲಿ ಆರೂ ಬಣ್ಣ ಡೈ. ಒಳ್ಳೆಯ ಹೊಳಪು ಕಾಗದದಲ್ಲಿ ಇವು ಕೊಡುವ ಕಪ್ಪು ನಿಜಕ್ಕೂ ಗಾಢವಾಗಿರುತ್ತದೆ. ಬೂದು ಇಂಕ್ ಇಲ್ಲದ ಕಾರಣ ನಡುವಿನ ಛಾಯೆಗಳಲ್ಲಿ ಬಣ್ಣ ಇಣುಕುವುದು ಇವುಗಳ ತೊಂದರೆ.

ಇನ್ನು ಕಾಗದದ ಯಾವ ಬದಿ. ಹೊಳಪು ಕಾಗದದಲ್ಲಿ ಸಂದೇಹವಿಲ್ಲ, ಮ್ಯಾಟ್‌ನಲ್ಲಿ ಎರಡೂ ಬದಿ ಒಂದೇ ಥರ ಕಾಣುತ್ತದೆ. ಲೇಪ ಇರುವುದು ಸಾಮಾನ್ಯವಾಗಿ ಒಂದೇ ಬದಿಗೆ. ತುಟಿ ಒದ್ದೆ ಮಾಡಿ ಹಾಳೆಯ ಮೂಲೆಯನ್ನು ಎರಡು ತುಟಿಗಳ ನಡುವೆ ಮೆಲ್ಲಗೆ ಒತ್ತಿ. ಲೇಪದ ಬದಿ ತುಟಿಗೆ ಅಂಟಿದಂತಾಗುತ್ತದೆ, ಇನ್ನೊಂದು ಬದಿ ಸುಮ್ಮನೆ ಬಿಡುತ್ತದೆ. ತಿಳಿದ ಮೇಲೆ ಹಿಂಬದಿಯ ಮೂಲೆಗೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಬಿಡಿ.

ಲೇಪವೇ ಇಲ್ಲದ ಕಾಗದವೂ ಇದೆ. ಕೈಯಿಂದ ಮಾಡಿದ ಕಾಗದ, ಜಲವರ್ಣದ ಹಾಳೆ, ಆಮಂತ್ರಣ ಪತ್ರಿಕೆಯ ದಪ್ಪ ಹಾಳೆ. ನೋಡಲು ಎಷ್ಟು ಸೊಗಸೋ ಪ್ರಿಂಟಿಗೆ ಅಷ್ಟೇ ಕಷ್ಟ. ಇಂಕ್ ನಾರುಗಳ ನಡುವೆ ಇಳಿದು ಹೋಗುತ್ತದೆ, ಮೇಲೆ ಉಳಿಯುವುದು ಅದರ ಕಲೆ ಮಾತ್ರ. ಮಂಜಿನ ಬೆಟ್ಟದ ಚಿತ್ರಕ್ಕೆ ಅದು ಒಪ್ಪೀತು, ಕೋಣಕ್ಕೆ ಒಪ್ಪದು.

ಕೊನೆಯದು ನಾಝಲ್ ಚೆಕ್, ನಾಝಲ್‌ಗಳು ಕಟ್ಟಿವೆಯೇ ಎಂದು ತೋರಿಸುವ ಗೆರೆಗಳ ಪರೀಕ್ಷಾ ಪ್ರಿಂಟ್. ಕಪ್ಪಿನ ಸಾಲಿನಲ್ಲಿ ಒಂದೆರಡು ಗೆರೆ ಕಡಿದಿದ್ದರೂ ದೊಡ್ಡ ಕಪ್ಪು ಹರಹಿನಲ್ಲಿ ಅದು ಸಪ್ಪೆಯಾಗಿ, ಇಲ್ಲವೇ ಕೂದಲೆಳೆಯಂಥ ಅಡ್ಡಗೆರೆಯಾಗಿ ಕಾಣಿಸುತ್ತದೆ. ರಾಯಚೂರು, ಕಲಬುರಗಿ ಕಡೆಯ ಒಣ ಬೇಸಿಗೆಯಲ್ಲಿ ವಾರಗಟ್ಟಲೆ ಪ್ರಿಂಟರ್ ಮುಟ್ಟದಿದ್ದರೆ ಇದು ಆಗಿಯೇ ಆಗುತ್ತದೆ. ವಾರಕ್ಕೊಂದು ಸಣ್ಣ ಪ್ರಿಂಟ್ ತೆಗೆಯುವ ರೂಢಿ, ಆಮೇಲೆ ಮಾಡುವ ಹತ್ತು ಸಲದ ಹೆಡ್ ಕ್ಲೀನಿಂಗಿಗಿಂತ ಅಗ್ಗ.

ಕಪ್ಪು ಗಾಢವಾಗಿದ್ದು ನೆರಳೆಲ್ಲ ಮುಚ್ಚಿಹೋಗಿದ್ದರೆ

ಕೋಣ ಕಪ್ಪಾಗಿದೆ, ಆದರೆ ಕಣ್ಣೆಲ್ಲಿ, ಕುತ್ತಿಗೆಯ ಮಡಿಕೆಯೆಲ್ಲಿ ತಿಳಿಯುವುದಿಲ್ಲ. ಇಂಥ ಪ್ರಿಂಟ್ ಬಂದರೆ ಮೊದಲು ನೋಡಬೇಕಾದದ್ದು 'ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್' ಎಂಬ ಗುರುತು. ಫೋಟೋಶಾಪ್‌ನ ಪ್ರಿಂಟ್ ಕಿಟಕಿಯಲ್ಲಿ ಅದು ಇರುತ್ತದೆ. ಕಡತದ ಕಡುಕಪ್ಪನ್ನು ಕಾಗದ ಕೊಡಬಲ್ಲ ಕಡುಕಪ್ಪಿಗೆ ಹೊಂದಿಸಿ, ನಡುವಿನ ಮೆಟ್ಟಿಲುಗಳನ್ನು ಅದಕ್ಕೆ ತಕ್ಕಂತೆ ಮೇಲೆತ್ತುವುದು ಅದರ ಕೆಲಸ. ಬಣ್ಣ ಹೊಂದಿಸುವ ಬಗೆಗಳಲ್ಲಿ 'ರಿಲೇಟಿವ್ ಕಲರಿಮೆಟ್ರಿಕ್' ಆರಿಸಿ ಈ ಗುರುತು ತೆಗೆದರೆ, ಕಾಗದಕ್ಕೆ ಮುಟ್ಟಲಾಗದ ಛಾಯೆಗಳೆಲ್ಲ ಒಂದೇ ಕಪ್ಪಿಗೆ ಕುಸಿಯುತ್ತವೆ. ಲೆಕ್ಕ ಹಾಕಿ ನೋಡಿದರೆ ಮ್ಯಾಟ್ ಕಾಗದದಲ್ಲಿ ಹೆಚ್ಚುಕಡಿಮೆ ಹನ್ನೊಂದೂ ಚೌಕ ಒಂದೇ ಕರಿ ಪಟ್ಟಿಯಾಗಬೇಕು. ಹೊಳಪು ಕಾಗದದಲ್ಲಿ ಮೊದಲ ನಾಲ್ಕೈದು ಮಾತ್ರ ಕೂಡಿಕೊಳ್ಳಬೇಕು. ನಿಮ್ಮ ಹಾಳೆ ಹಾಗೆಯೇ ಬಂದಿದ್ದರೆ ಇನ್ನು ಬೇರೆಲ್ಲೂ ಹುಡುಕಬೇಡಿ.

ಆ ಗುರುತು ಸರಿಯಿದ್ದರೆ ಎರಡು ಸಲ ಬಣ್ಣ ತಿದ್ದಿರುವ ಸಾಧ್ಯತೆ. ಪ್ರೊಫೈಲ್ ಹಚ್ಚುವ ಕೆಲಸವನ್ನು ಫೋಟೋಶಾಪ್‌ಗೆ ಕೊಟ್ಟಮೇಲೆ ಡ್ರೈವರ್‌ನಲ್ಲಿ ಬಣ್ಣ ತಿದ್ದುಪಡಿಯನ್ನು ಪೂರ್ತಿ ನಿಲ್ಲಿಸಬೇಕು. ಇಬ್ಬರೂ ತಿದ್ದಿದರೆ ನೆರಳಿನ ಕಡೆ ಎಲ್ಲ ಹೂತುಹೋಗುತ್ತದೆ. ಎಪ್ಸನ್‌ನ ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್ ವಿಧಾನ ಬಳಸುವವರು ಇದನ್ನು ತಿರುವಿ ಓದಿಕೊಳ್ಳಬೇಕು. ಅಲ್ಲಿ ಛಾಯೆ ನಿರ್ವಹಣೆ ಪ್ರಿಂಟರ್‌ದೇ, ಫೋಟೋಶಾಪ್ ಕೈಹಾಕಬಾರದು. ಅದರ ಟೋನ್ ಆಯ್ಕೆ ಮೊದಲಿಗೇ 'ಡಾರ್ಕರ್' ಮೇಲೆ ನಿಂತಿರುತ್ತದೆ. ನೆರಳು ಮುಚ್ಚುತ್ತಿದ್ದರೆ ಅದನ್ನು ಒಂದು ಮೆಟ್ಟಿಲು ಇಳಿಸಿ ನೋಡಿ. ಬೂದು ಇಂಕ್‌ಗಳಿರುವ ಯಂತ್ರವಾದರೆ ಕಪ್ಪು-ಬಿಳುಪಿಗೆ ನಾನು ಮೊದಲು ಆರಿಸುವುದು ಈ ವಿಧಾನವನ್ನೇ. ಬಣ್ಣದ ಇಂಕನ್ನು ಅತಿ ಕಡಿಮೆ ಬಳಸಿ, ಕಪ್ಪು-ಬೂದುಗಳಲ್ಲೇ ಚಿತ್ರ ಕಟ್ಟುತ್ತದೆ. ಇನ್ನೂ ಆಳಕ್ಕೆ ಇಳಿಯುವವರಿಗೆ ರಾಯ್ ಹ್ಯಾರಿಂಗ್ಟನ್ ಅವರ ಕ್ವಾಡ್‌ಟೋನ್ ರಿಪ್ ಎಂಬ ಪ್ರಿಂಟ್ ತಂತ್ರಾಂಶ ಇದೆ, ಒಂದೊಂದು ಇಂಕ್ ಎಷ್ಟು ಬೀಳಬೇಕೆಂದು ಕೈಯಾರೆ ಹೇಳಬಹುದು.

ಪ್ರಿಂಟ್ ಒಟ್ಟಾರೆ ಕತ್ತಲಾಗಿ ಕಾಣುವುದಕ್ಕೆ ಇನ್ನೊಂದು ಕಾರಣ ಮಾನಿಟರ್. ಅಂಗಡಿಯಿಂದ ಬಂದ ಹಾಗೇ ಪೂರ್ತಿ ಬೆಳಕಿನಲ್ಲಿಟ್ಟುಕೊಂಡು ಚಿತ್ರ ತಿದ್ದಿದರೆ ನಾವು ಅರಿಯದೆಯೇ ಚಿತ್ರವನ್ನು ಕತ್ತಲು ಮಾಡಿರುತ್ತೇವೆ. ಪ್ರಿಂಟ್ ಕೆಲಸಕ್ಕೆ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದಷ್ಟು ಬೆಳಕು ಸಾಕು. ಅಳೆಯುವ ಸಾಧನ ಇಲ್ಲದವರು ಬಿಳಿ ಹಾಳೆಯೊಂದನ್ನು ಮಾನಿಟರ್ ಪಕ್ಕ ಹಿಡಿದು, ಪರದೆಯ ಬಿಳಿ ಅದಕ್ಕೆ ಸಮನಾಗುವವರೆಗೆ ಬೆಳಕು ಇಳಿಸಿದರೂ ತಕ್ಕಮಟ್ಟಿಗೆ ಆದೀತು.

ಇಂಕ್ ಅತಿಯಾದದ್ದನ್ನು ಗುರುತಿಸುವುದು ಸುಲಭ. ಕಪ್ಪು ಹರಹು ಸಮನಾಗಿರದೆ ಚುಕ್ಕೆಚುಕ್ಕೆಯಾಗಿ, ಕೆರೆಯ ತೇವ ಒಣಗಿದ ಹಾಗೆ ಕಾಣುತ್ತದೆ. ಲೇಪ ಹೀರುವಷ್ಟಕ್ಕಿಂತ ಜಾಸ್ತಿ ಇಂಕ್ ಬಿದ್ದಿದೆ ಎಂದರ್ಥ. ಕುತೂಹಲದ ಸಂಗತಿಯೆಂದರೆ ಆಗ ಕಪ್ಪು ಗಾಢವಾಗುವ ಬದಲು ತಿಳಿಯೇ ಆಗಬಹುದು. ಇಂಕ್ ಕಡಿಮೆ ಹಾಕುವ ಮೀಡಿಯಾ ಟೈಪ್‌ಗೆ ಬನ್ನಿ.

ಪರೀಕ್ಷಾ ಹಾಳೆ ಸರಿ, ಚಿತ್ರ ಮಾತ್ರ ಸಪ್ಪೆ

ಹಾಗಾದರೆ ಚಿತ್ರದಲ್ಲೇ ಕಪ್ಪು ಇಲ್ಲ. ಫೋಟೋಶಾಪ್‌ನಲ್ಲೋ ಗಿಂಪ್‌ನಲ್ಲೋ ಲೆವೆಲ್ಸ್ ತೆರೆದು ನೋಡಿ, ಅಲ್ಲಿ ಛಾಯೆಗಳನ್ನು ತೋರಿಸುವ ಗುಡ್ಡದಂಥ ನಕ್ಷೆಯ ಎಡಗಡೆಯ ತುದಿ 0 ಮುಟ್ಟದೆ 20, 25ರಲ್ಲೇ ನಿಂತಿರುತ್ತದೆ. ಹಳೆಯ ನೆಗೆಟಿವ್ ಸ್ಕ್ಯಾನ್ ಮಾಡಿದವರಿಗೆ, ಮಂಜಿನಲ್ಲಿ ಅಥವಾ ಎದುರು ಬೆಳಕಿನಲ್ಲಿ ತೆಗೆದ ಚಿತ್ರಗಳಿಗೆ ಇದು ಮಾಮೂಲು. ಎಡತುದಿಯನ್ನು ಒಳಗೆ ಎಳೆದರೆ ಮುಗಿಯಿತು. ಗ್ರೇಸ್ಕೇಲ್ ಕಡತವಾಗಿದ್ದರೆ ಅದಕ್ಕೆ ಅಂಟಿದ ಪ್ರೊಫೈಲ್ ಯಾವುದೆಂದೂ ನೋಡಿ. 'ಡಾಟ್ ಗೇನ್ 20%' ಎನ್ನುವುದು ಮುದ್ರಣಾಲಯದ ಲೆಕ್ಕ, ಫೋಟೋ ಪ್ರಿಂಟಿಗೆ 'ಗ್ರೇ ಗ್ಯಾಮಾ 2.2' ಸರಿ.

ಕಪ್ಪಿನಲ್ಲಿ ಬಣ್ಣ ಇಣುಕಿದರೆ

ಹಗಲಲ್ಲಿ ಸರಿಯಿದ್ದು ರಾತ್ರಿ ಎಲ್‌ಇಡಿ ಕೆಳಗೆ ಹಸಿರೋ ನೇರಳೆಯೋ ಆಗುವ ಪ್ರಿಂಟ್‌ನಲ್ಲಿ ಬೂದು ಛಾಯೆಗಳು ಬಣ್ಣದ ಇಂಕ್‌ಗಳಿಂದ ಹುಟ್ಟಿವೆ. ಬೂದು ಇಂಕ್ ಇರುವ ಯಂತ್ರದಲ್ಲಿ ಕಪ್ಪು-ಬಿಳುಪಿನ ವಿಧಾನಕ್ಕೆ ಬದಲಿಸಿದರೆ ಬಹುಪಾಲು ಹೋಗುತ್ತದೆ. ಹೊಳಪು ಕಾಗದವನ್ನು ಓರೆ ಹಿಡಿದಾಗ ಕಪ್ಪಿನ ಮೇಲೆ ಕಂಚಿನ ಹೊಳಪು ತೇಲಿದರೆ ಅದು ಬೇರೆ. ಪಿಗ್ಮೆಂಟ್ ಇಂಕ್ ಮೇಲ್ಮೈಯಲ್ಲೇ ಕೂತು ಬೆಳಕನ್ನು ಬೇರೆ ಬಣ್ಣದಲ್ಲಿ ಹೊಡೆಯುತ್ತಿದೆ. ಕ್ಯಾನನ್‌ನ ದೊಡ್ಡ ಯಂತ್ರಗಳು ಇದಕ್ಕೆಂದೇ ಕ್ರೋಮಾ ಆಪ್ಟಿಮೈಜರ್ ಎಂಬ ಬಣ್ಣವಿಲ್ಲದ ದ್ರವ ಹಾಕುತ್ತವೆ. ಎಪ್ಸನ್ ಪಿ900ರ ಕಾರ್ಬನ್ ಬ್ಲ್ಯಾಕ್ ವಿಧಾನದಲ್ಲಿ ಗಾಢ ಜಾಗಗಳ ಮೇಲೆ ತಿಳಿಬೂದು ಇಂಕ್ ಹೊದಿಸಿ ಹೊಳಪು ಕಾಗದದ ಕಪ್ಪನ್ನು ಇನ್ನಷ್ಟು ಗಾಢ ಮಾಡುತ್ತಾರೆ. ಬರಿಯ ಕಾಗದದಿಂದ ಪರಿಹಾರ ಬೇಕಿದ್ದರೆ ಪೂರ್ತಿ ಗ್ಲಾಸಿ ಬಿಟ್ಟು ಹೊಳಪು ಕಡಿಮೆ ಇರುವ ಲಸ್ಟರ್‌ಗೋ ಸ್ಯಾಟಿನ್‌ಗೋ ಹೋಗಿ.

ಈಗ ಕಾಗದದ ಮಾತು

ಇಷ್ಟೆಲ್ಲ ಸರಿಯಿದ್ದೂ ಕಪ್ಪು ಸಾಲದಾಗಿದ್ದರೆ ಆಗ ಕಾಗದ ಬದಲಿಸಿ. ಅದಕ್ಕೆ ಒಂದು ಅಳತೆ ಗೊತ್ತಿರಬೇಕು, ಡಿ-ಮ್ಯಾಕ್ಸ್. ಕಾಗದದ ಮೇಲೆ ಸಿಗುವ ಅತಿ ಗಾಢ ಕಪ್ಪಿನ ಸಾಂದ್ರತೆ ಅದು. 1 ಅಂದರೆ ಬಿದ್ದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲು ವಾಪಸು ಬರುತ್ತದೆ, 2 ಅಂದರೆ ನೂರರಲ್ಲೊಂದು. ಪ್ರತಿ 0.3 ಏರಿದಾಗಲೂ ವಾಪಸು ಬರುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಒಳ್ಳೆಯ ಮ್ಯಾಟ್ ಕಾಗದ ಸರಿಯಾದ ಇಂಕಿನೊಡನೆ 1.6ರ ಆಸುಪಾಸು ಕೊಡುತ್ತದೆ, ಅಂದರೆ ನೂರರಲ್ಲಿ ಎರಡೂವರೆ ಪಾಲು ಬೆಳಕು. ಒಳ್ಳೆಯ ಲಸ್ಟರ್ ಮತ್ತು ಮುಂದೆ ಹೇಳುವ ಬರೈಟಾ ಕಾಗದಗಳು 2.2ನ್ನು ಮುಟ್ಟುತ್ತವೆ, ಮೀರುತ್ತವೆ. ಅಲ್ಲಿ ವಾಪಸು ಬರುವುದು ಅದರ ನಾಲ್ಕನೇ ಒಂದು ಪಾಲು. ದೊಡ್ಡಪ್ಪನ ಕಾಲದ ಹೊಳಪಿನ ಬೆಳ್ಳಿ ಪ್ರಿಂಟುಗಳದ್ದೂ 2ಕ್ಕೆ ಮೇಲಿನ ಲೆಕ್ಕವೇ. ಆ ಕಣ್ಣಿಗೆ ಮ್ಯಾಟ್ ಕಪ್ಪು ಬೂದಿಯಂತೆ ಕಂಡರೆ ಆಶ್ಚರ್ಯವಿಲ್ಲ.

ಮ್ಯಾಟ್‌ನ ಕೊರತೆ ಇಂಕ್ ಸಾಲದ್ದರಿಂದ ಬಂದದ್ದಲ್ಲ. ಒರಟು ಮೈಯ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ, ನೀವು ಎಲ್ಲಿ ನಿಂತರೂ ಅದರ ಒಂದಂಶ ಕಣ್ಣಿಗೆ ಬಂದೇ ಬರುತ್ತದೆ. ನಯವಾದ ಮೈಯಲ್ಲಿ ಆ ಬೆಳಕು ಒಂದೇ ದಿಕ್ಕಿಗೆ ಹಾರಿ ಹೋಗುತ್ತದೆ. ಅದನ್ನು ತಪ್ಪಿಸಿ ನಿಂತರೆ ಉಳಿಯುವುದು ಬರೀ ಕಪ್ಪು. ಹಾಗೆಂದು ಮ್ಯಾಟ್ ಕಪ್ಪು ಕೀಳಲ್ಲ. ಹಿಂದೆ ನಮ್ಮಲ್ಲಿ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಡತವೆಂಬ ಬಟ್ಟೆಯ ಪುಸ್ತಕ ಮಾಡಿ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಹೊಳೆಯದ, ಕಣ್ಣಿಗೆ ತಂಪಾದ ಕಪ್ಪು ಅದು. ಅಜ್ಜಿಯ ಮುಖ, ಮಲೆನಾಡಿನ ಮುಂಜಾವು, ಹಳೆಯ ಮನೆಯ ಜಗಲಿ, ಇಂಥವಕ್ಕೆ ನಾನು ಇವತ್ತಿಗೂ ಹತ್ತಿಯ ಮ್ಯಾಟ್ ಕಾಗದವನ್ನೇ ಹಿಡಿಯುತ್ತೇನೆ. ಹಾನೆಮ್ಯೂಲೆ ಫೋಟೋ ರ‍್ಯಾಗ್ 308 ಆ ಜಾತಿಯಲ್ಲಿ ನನಗೆ ಅಚ್ಚುಮೆಚ್ಚು. ಒದ್ದೆ ಮೈ, ಎಣ್ಣೆ ಹಚ್ಚಿದ ಕಲ್ಲಿನ ವಿಗ್ರಹ, ರಾತ್ರಿಯ ಬೀದಿ ಇವುಗಳಲ್ಲಿ ಕಪ್ಪೇ ಮಾತಾಡಬೇಕು, ಅವಕ್ಕೆ ಮ್ಯಾಟ್ ಸಾಲದು.

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು "ಎಷ್ಟು ಜಿಎಸ್‌ಎಂ?" ಎಂದು. ಜಿಎಸ್‌ಎಂ ಕಾಗದದ ತೂಕ ಹೇಳುತ್ತದೆ, ಕಪ್ಪಿನ ಬಗ್ಗೆ ಏನೂ ಹೇಳುವುದಿಲ್ಲ. ಕಪ್ಪನ್ನು ತೀರ್ಮಾನಿಸುವುದು ಲೇಪ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಟ್ಟುಗಟ್ಟಲೆ ಸಿಗುವ ಅಗ್ಗದ ಹೊಳಪು ಹಾಳೆಗಳಲ್ಲಿ ಬಹಳಷ್ಟು ಕಾಸ್ಟ್-ಕೋಟೆಡ್ ಜಾತಿಯವು, ಸಾದಾ ಕಾಗದದ ಮೇಲೆ ಹೊಳಪಿನ ಪದರ. ಡೈ ಇಂಕಿಗೆ ನಡೆಯುತ್ತವೆ, ಪಿಗ್ಮೆಂಟ್ ಇಂಕಿಗೆ ನಡೆಯುವುದಿಲ್ಲ, ಕಪ್ಪು ಒರೆಸಿದರೆ ಬರುತ್ತದೆ. ಆರ್‌ಸಿ (ರೆಸಿನ್ ಕೋಟೆಡ್) ಎಂದು ಬರೆದಿರುವುದರಲ್ಲಿ ಕಾಗದದ ಎರಡೂ ಬದಿ ಪ್ಲಾಸ್ಟಿಕ್ ಪದರ ಇರುತ್ತದೆ, ಹಾಳೆ ಸುಕ್ಕಾಗುವುದಿಲ್ಲ, ಕಪ್ಪು ಮೇಲೆಯೇ ನಿಲ್ಲುತ್ತದೆ. ಕಲಿಯುವವರಿಗೆ ನನ್ನ ಸಲಹೆ ಒಂದೇ: ಆರ್‌ಸಿ ಲಸ್ಟರ್ ಕಾಗದದ ಒಂದು ಪ್ಯಾಕೆಟ್ ತಂದು ಅದರಲ್ಲಿ ಕೈ ಕುದುರುವವರೆಗೆ ಬೇರೆ ಕಡೆ ನೋಡಬೇಡಿ. ಕಪ್ಪಿನ ಆಳದಲ್ಲಿ ಅದು ದುಬಾರಿ ಕಾಗದಗಳಿಗೆ ಹೆಚ್ಚೇನೂ ಬಿಟ್ಟುಕೊಡುವುದಿಲ್ಲ.

ಪ್ರದರ್ಶನಕ್ಕೆ, ಗೋಡೆಗೆ ಎಂದಾದರೆ ಬರೈಟಾ. ಬೇರಿಯಂ ಸಲ್ಫೇಟ್‌ನ ಬಿಳಿ ಪದರ ಇರುವ ಕಾಗದ, ಡಾರ್ಕ್‌ರೂಮಿನ ಫೈಬರ್ ಕಾಗದದ ವಂಶ. ಹಾನೆಮ್ಯೂಲೆ ಫೋಟೋ ರ‍್ಯಾಗ್ ಬರೈಟಾ 315 ಈ ಸಾಲಿನದ್ದು. ಬರೈಟಾ ಪದರ ಇಲ್ಲದಿದ್ದರೂ ಅದೇ ಬಗೆಯ ಸ್ಯಾಟಿನ್ ಮೈ ಇರುವ ಕ್ಯಾನ್ಸನ್ ಪ್ಲಾಟಿನ್ ಫೈಬರ್ ರ‍್ಯಾಗ್ 310 ಇನ್ನೊಂದು. ಇವಕ್ಕೆಲ್ಲ ಫೋಟೋ ಬ್ಲ್ಯಾಕ್ ಇಂಕ್. ನೂರು ಹಾಳೆ ಕೊಳ್ಳುವ ಮೊದಲು ಒಂದೆರಡು ಹಾಳೆಗಳಿರುವ ಮಾದರಿ ಪ್ಯಾಕ್ ತರಿಸಿ, ಪ್ರತಿ ಹಾಳೆಯಲ್ಲೂ ಹನ್ನೊಂದು ಚೌಕಗಳನ್ನೂ ನಿಮ್ಮದೇ ಒಂದು ಚಿತ್ರವನ್ನೂ ತೆಗೆದು, ಹಿಂದೆ ಪೆನ್ಸಿಲಿನಲ್ಲಿ ಸೆಟ್ಟಿಂಗ್ ಬರೆದಿಡಿ.

ಬಿಳಿಯನ್ನೂ ನೋಡಿ. ಕಪ್ಪು ಗಾಢವಾಗಿ ಕಾಣಲು ಪಕ್ಕದ ಬಿಳಿ ಶುದ್ಧವಾಗಿರಬೇಕು. ಕಾಗದ ಬೆಳ್ಳಗೆ ಕಾಣಲೆಂದು ಕೆಲವರು ಹೊಳಪುಕಾರಕ ರಾಸಾಯನಿಕ ಬೆರೆಸುತ್ತಾರೆ. ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಹಿಡಿದರೆ ಅಂಥ ಕಾಗದ ನೀಲಿಯಾಗಿ ಹೊಳೆಯುತ್ತದೆ. ವರ್ಷಗಳು ಕಳೆದಂತೆ ಅದರ ಶಕ್ತಿ ಕುಂದಿ ಕಾಗದ ಹಳದಿಗೆ ತಿರುಗುತ್ತದೆ. ಮಕ್ಕಳ ಕಾಲಕ್ಕೂ ಉಳಿಯಬೇಕಾದ ಚಿತ್ರಕ್ಕೆ ನಾನು ಅದನ್ನು ಬಳಸುವುದಿಲ್ಲ.

ಮಳೆಗಾಲದಲ್ಲಿ

ಕರಾವಳಿಯವರಿಗೆ ಇದನ್ನು ಹೇಳಲೇಬೇಕು. ಆಟಿ ತಿಂಗಳ ಮಳೆಯಲ್ಲಿ ತೆರೆದ ಪ್ಯಾಕೆಟ್ ಹಾಗೇ ಬಿಟ್ಟರೆ ಲೇಪ ತೇವ ಹೀರುತ್ತದೆ. ಆಮೇಲೆ ಇಂಕ್ ಹರಡುತ್ತದೆ, ಒಣಗಲು ದಿನಗಟ್ಟಲೆ ಹಿಡಿಯುತ್ತದೆ, ಹಾಳೆ ಅಲೆಯಲೆಯಾಗಿ ಎದ್ದು ಹೆಡ್‌ಗೆ ಉಜ್ಜಿ ಅಂಚಿನಲ್ಲಿ ಕರಿ ಗೀರು ಬೀಳುತ್ತದೆ. ಹಾಳೆಗಳನ್ನು ಅವುಗಳ ಪ್ಲಾಸ್ಟಿಕ್ ಚೀಲದಲ್ಲೇ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣಗಳ ಜೊತೆ ಮಟ್ಟಸವಾಗಿ ಮಲಗಿಸಿಡಿ. ಬೇಕಾದಷ್ಟನ್ನೇ ಹೊರಗೆ ತೆಗೆಯಿರಿ.

ಪ್ರಿಂಟ್ ಸರಿಯಿದ್ದು ಗೋಡೆಯ ಮೇಲೆ ಬೂದಾದರೆ

ಕೋಣವನ್ನು ಕೊನೆಗೆ ಸ್ಯಾಟಿನ್ ಬರೈಟಾದಲ್ಲಿ, ಫೋಟೋ ಬ್ಲ್ಯಾಕ್‌ನಲ್ಲಿ ತೆಗೆದೆ. ಪೆಟ್ಟಿಗೆಯ ತೂತಿನ ಪಕ್ಕ ಹಿಡಿದು ದೊಡ್ಡಪ್ಪ ಬಹಳ ಹೊತ್ತು ನೋಡಿದರು. "ಹಾಂ, ಇದು ಕೋಣ" ಎಂದರು. ಗಾಜಿನ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ಬಾಗಿಲ ಎದುರು ತೂಗುಹಾಕಿದೆ. ಮತ್ತೆ ಬೂದಿ.

ಸಾದಾ ಗಾಜು ಒಂದೊಂದು ಮೈಯಲ್ಲೂ ನೂರಕ್ಕೆ ಸುಮಾರು ನಾಲ್ಕರಷ್ಟು ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ, ಎರಡು ಮೈ ಸೇರಿ ಎಂಟು. ಕಾಗದ ಕಷ್ಟಪಟ್ಟು ಒಂದಕ್ಕಿಂತ ಕಡಿಮೆಗೆ ಇಳಿಸಿದ್ದ ಬೆಳಕಿನ ಮೇಲೆ ಬಾಗಿಲಿನ ಪ್ರತಿಬಿಂಬ ಎಂಟರಷ್ಟು ಬಂದು ಕೂತರೆ ಡಿ-ಮ್ಯಾಕ್ಸ್‌ನ ಲೆಕ್ಕವೆಲ್ಲ ಮುಗಿಯಿತು. ಪ್ರತಿಫಲನ ತಡೆಯುವ ಲೇಪದ ಗಾಜು ಸಿಗುತ್ತದೆ, ದುಬಾರಿ. ನಾನು ಚಿತ್ರವನ್ನು ಪಕ್ಕದ ಗೋಡೆಗೆ ಸರಿಸಿದೆ. ಈಗ ಬಾಗಿಲ ಬೆಳಕು ಬದಿಯಿಂದ ಬೀಳುತ್ತದೆ. ಎದುರಿನ ಗೋಡೆ ಗಾಢ ಬಣ್ಣದ್ದು, ಗಾಜಿನಲ್ಲಿ ಅದೇ ಕಾಣುವುದರಿಂದ ತೊಂದರೆಯಿಲ್ಲ. ಒಳಗೆ ಬಂದವರಿಗೆ ಕತ್ತಲಿನಂಥ ಮೈ ಮೊದಲು ಕಾಣುತ್ತದೆ, ಒಂದು ಹೆಜ್ಜೆ ಹತ್ತಿರ ಹೋದರೆ ಕುತ್ತಿಗೆಯ ಮಡಿಕೆ, ಕಣ್ಣು, ಬೆನ್ನ ಮೇಲೆ ಆ ಎಣ್ಣೆಯ ಗೆರೆ.